ಗಾಡಿ ಬರುವ ದಿನ

‘ಪ್ರಯಾಣಿಕರ ಗಮನಕ್ಕೆ’ ಎನ್ನುವುದರ ಕೊನೆಯ ಅಕ್ಷರದಲ್ಲಿ ಅವಳ ದನಿ ಮತ್ತೆ ಜಾರಿತು. ಇಲ್ಲದ ಮೆಟ್ಟಿಲಿನ ಮೇಲೆ ಕಾಲಿಟ್ಟ ಹಾಗೆ ಒಂದು ಕ್ಷಣ ಕೆಳಕ್ಕೆ ಹೋಗಿ, ಅಲ್ಲಿ ಯಾವನೋ ಗಂಡಸಿನ ಗೊಗ್ಗರು ಗಂಟಲನ್ನು ಮುಟ್ಟಿ, ಮೇಲೆ ಬಂತು. ಅವಳು ಎಡಗೈ ಹೆಬ್ಬೆರಳನ್ನು ಮೈಕಿನ ಸ್ವಿಚ್ಚಿನ ಮೇಲಿಂದ ತೆಗೆದಳು. ಕೆಂಪು ದೀಪ ಆರಿತು. ಗಾಜಿನಾಚೆ ಬಸ್ ನಿಲ್ದಾಣ ಎಂದಿನಂತೆ ಕುದಿಯುತ್ತಿತ್ತು. ಚೀಲಗಳ ಮೇಲೆ ಕೂತವರು, ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ಓಡುವವರು, ಓಡುವವರನ್ನು ನೋಡುತ್ತಾ ಹಲ್ಲುಕಡ್ಡಿ ಅಗಿಯುವವರು. ಯಾರೂ ತಲೆ ಎತ್ತಲಿಲ್ಲ. ಹಣ್ಣಿನ ಬುಟ್ಟಿಯವನೊಬ್ಬ ಮಾತ್ರ ಕಂಬದ ಮೇಲಿನ ಸ್ಪೀಕರಿನ ಕಡೆಗೆ ನೋಡಿದ. ಅಥವಾ ಅದರ ಮೇಲೆ ಕೂತ ಪಾರಿವಾಳದ ಕಡೆಗೆ ನೋಡಿದನೋ. ಅವನು ನೋಡಿದ್ದು ಯಾವುದನ್ನು ಎಂದು ತಿಳಿಯುವವರೆಗೂ ಉಸಿರು ಬಿಡಬಾರದೆಂಬಂತೆ ಅವಳು ಅವನನ್ನೇ ದಿಟ್ಟಿಸಿದಳು. ಅವನು ಮೂಗು ಒರೆಸಿಕೊಂಡು ಹೊರಟುಹೋದ. ಹಾಳಾದವನು ಏನನ್ನೂ ತಿಳಿಸದೆ ಹೋದ.

ಅವಳ ಡಬ್ಬಿ ನಿಲ್ದಾಣದ ನಡುವೆ ಮೂರು ಮೆಟ್ಟಿಲು ಎತ್ತರದಲ್ಲಿತ್ತು. ಡಬ್ಬಿ ಎಂದೇ ಎಲ್ಲರೂ ಕರೆಯುತ್ತಿದ್ದರು. ಹಳೆಯ ಜಾಹೀರಾತಿನ ಅಂಟು ಕೆರೆದರೂ ಹೋಗದ ಗಾಜು, ಕತ್ತು ಬಗ್ಗಿಸಿದ ಕೋಳಿಯಂಥ ಮೈಕು, ಅದರ ತಲೆಗೆ ಸ್ಪಂಜಿನ ಟೋಪಿ. ಆ ಟೋಪಿಯನ್ನು ಅವಳು ವಾರಕ್ಕೊಮ್ಮೆ ಮನೆಗೊಯ್ದು ಸೋಪು ಹಚ್ಚಿ ತೊಳೆದು ತರುತ್ತಿದ್ದಳು. ಬೇರೆ ಪಾಳಿಯವರ ಉಸಿರು ಅವಳಿಗೆ ಆಗುತ್ತಿರಲಿಲ್ಲ. ಈ ಊರಿನಲ್ಲಿ ಅವಳ ಮುಖ ಯಾರಿಗೂ ಗೊತ್ತಿರಲಿಲ್ಲ, ದನಿ ಎಲ್ಲರಿಗೂ ಗೊತ್ತಿತ್ತು. ತರಕಾರಿ ಅಂಗಡಿಯಲ್ಲಿ ಚೌಕಾಸಿ ಮಾಡುವಾಗ ಪಕ್ಕದವರು ತಿರುಗಿ, ‘ನೀವು ಬಸ್‌ಸ್ಟ್ಯಾಂಡಿನವರಲ್ವಾ?’ ಎನ್ನುತ್ತಿದ್ದರು. ಆಗ ಅವಳು ಚೌಕಾಸಿ ನಿಲ್ಲಿಸಿಬಿಡುತ್ತಿದ್ದಳು. ಅಂಥ ದನಿಯ ಹೆಂಗಸು ಬದನೆಕಾಯಿಗೆ ಜಗಳ ಆಡಬಾರದು ಎಂದು. ಈಗ ತಿಂಗಳಿಂದ ಯಾರೂ ತಿರುಗಿರಲಿಲ್ಲ. ಚೌಕಾಸಿ ಮಾತ್ರ ನಡೆದಿತ್ತು.

‘ಅಮ್ಮಾ, ಹನ್ನೊಂದು ಗಂಟೆ. ನೆನಪಿದೆಯಲ್ಲ?’ ಬಾಗಿಲಿನಲ್ಲಿ ಸೀಟಿ ಸಾಹೇಬರು ನಿಂತಿದ್ದರು. ನಿಲ್ದಾಣದ ಮೇಲ್ವಿಚಾರಕರು. ಕುತ್ತಿಗೆಯಲ್ಲಿ ಸೀಟಿ ಇಲ್ಲದೆ ಅವರನ್ನು ಯಾರೂ ಕಂಡಿರಲಿಲ್ಲ. ಅದನ್ನು ಹಾಕಿಕೊಂಡೇ ಮಲಗುತ್ತಾರೆ, ಹೆಂಡತಿ ಹತ್ತಿರ ಬಂದರೆ ಊದುತ್ತಾರೆ ಎಂದು ಕಂಡಕ್ಟರುಗಳು ನಗುತ್ತಿದ್ದರು. ‘ರೆಕಾರ್ಡಿಂಗಿನವನು ಬಂದು ಕೂತಿದ್ದಾನೆ. ಎಲ್ಲ ಗಾಡಿ, ಎಲ್ಲ ಪ್ಲಾಟ್‌ಫಾರಂ, ಎಲ್ಲ ನಂಬರು, ಒಂದೇ ಸಲ ಹೇಳಿ ಮುಗಿಸಿಬಿಡಿ. ಆಮೇಲೆ ಗುಂಡಿ ಒತ್ತಿದ್ರೆ ಸಾಕು. ನಾವೆಲ್ಲ ಸತ್ತು ಮಣ್ಣಾದ್ರೂ ನಿಮ್ಮ ಧ್ವನಿ ಇಲ್ಲಿ ಕೂಗ್ತಾ ಇರುತ್ತೆ ನೋಡಿ!’

ಅವಳು ತಲೆಯಾಡಿಸಿದಳು. ಮಾತಾಡಿದರೆ ಗೊತ್ತಾಗಿಬಿಡುತ್ತದೆ. ತಿಂಗಳಿಂದ ಅವಳು ಎಷ್ಟೊಂದು ಕಡೆ ಬರೀ ತಲೆಯಾಡಿಸಿದ್ದಳೆಂದರೆ, ಇವಳಿಗೆ ಸೊಕ್ಕು ಬಂದಿದೆ ಎಂದು ವಿಚಾರಣೆ ಕಿಟಕಿಯ ಹುಡುಗಿ ಯಾರ ಹತ್ತಿರವೋ ಹೇಳಿದ್ದು ಇವಳ ಕಿವಿಗೂ ಬಿದ್ದಿತ್ತು. ಸೊಕ್ಕು! ಅವಳು ಕಾಲ ಬಳಿಯ ಕೈಚೀಲವನ್ನು ಕಾಲಿನಿಂದಲೇ ಇನ್ನೂ ಒಳಕ್ಕೆ ತಳ್ಳಿದಳು. ಒಳಜೇಬಿನಲ್ಲಿ ಪೊಟ್ಟಣಗಳಿದ್ದವು. ಮೂರು ಹೊಸವು, ಒಂದು ಒಡೆದು ಬಾಯಿ ಮಡಚಿದ್ದು. ಚೀಲ ಮುಟ್ಟಿದ ಪಾದ ಬಿಸಿಯಾಯಿತು ಎಂದು ಅವಳಿಗನ್ನಿಸಿತು. ಸುಳ್ಳು. ಆದರೆ ಈಚೆಗೆ ಮೈಯಲ್ಲಿ ಯಾವುದು ಸುಳ್ಳು ಯಾವುದು ನಿಜ ಎಂದು ಹೇಳುವವರು ಯಾರೂ ಇರಲಿಲ್ಲ.

ಎರಡು ವರ್ಷದ ಹಿಂದೆ ಹೊಟ್ಟೆ ಕೊಯ್ದು ಗರ್ಭಕೋಶ ತೆಗೆದರು, ಜೊತೆಗೆ ಎರಡು ಅಂಡಾಶಯಗಳನ್ನೂ ತೆಗೆದರು. ‘ಇನ್ನೇನು, ಮಗಳು ಕಾಲೇಜಿಗೆ ಬಂದಳಲ್ಲ, ಅದರ ಕೆಲಸ ಮುಗೀತು’ ಎಂದು ನಾದಿನಿ ಆಸ್ಪತ್ರೆಯ ಮಂಚದ ಮೇಲೆ ಕಿತ್ತಳೆ ಬಿಡಿಸುತ್ತಾ ಹೇಳಿದ್ದಳು. ಹಳೆಯ ಹೊಲಿಗೆ ಮೆಷಿನ್ನನ್ನು ಗುಜರಿಗೆ ಹಾಕಿದವಳ ಹಾಗೆ. ಮೈ ಕಾದು ಬೆವರುವುದಕ್ಕೆ ಒಂದು ಮಾತ್ರೆ ಕೊಟ್ಟರು, ಬೆವರು ನಿಂತಿತು. ಗಾಯ ಮಾಯಿತು. ಆದರೆ ಇನ್ನೊಂದು ಯಾವುದೋ, ಹೆಸರಿಟ್ಟು ಕರೆಯದೆ ಇದ್ದದ್ದು, ಹೊರಟುಹೋಗಿತ್ತು. ಹೋದದ್ದು ಅವಳಿಗೆ ಗೊತ್ತಾದದ್ದೂ ತಡವಾಗಿಯೇ. ಗಂಡ ಕತ್ತಿನ ಹಿಂದೆ ತುಟಿ ಇಟ್ಟಾಗ ಗ್ಯಾಸ್ ಮುಗಿಯುತ್ತಾ ಬಂತೇನೋ ಎಂದು ಅವಳು ಯೋಚಿಸುತ್ತಿದ್ದಳು. ಅಯ್ಯೋ, ಯೋಚಿಸುತ್ತಿದ್ದೇನಲ್ಲ ಎಂದು ಗಾಬರಿಯಾಗಿ ಅವನ ಬೆನ್ನಿಗೆ ಕೈ ಹಾಕಿದಳು, ಸತ್ತವರ ಮನೆಯಲ್ಲಿ ಯಾರದೋ ಬೆನ್ನು ಸವರುವ ಹಾಗೆ. ಅವನು ನಿಲ್ಲಿಸಿದ. ‘ನೋವಾಗುತ್ತಾ?’ ಎಂದ. ‘ಇಲ್ಲ’ ಎಂದಳು. ನೋವಾಗುತ್ತದೆ ಎಂದಿದ್ದರೆ ಚೆನ್ನಾಗಿತ್ತು. ನೋವಿಗೆ ಮರ್ಯಾದೆಯಿದೆ. ಏನೂ ಆಗುವುದಿಲ್ಲ ಎನ್ನುವುದನ್ನು ಯಾವ ಗಂಡನಿಗೆ ಹೇಗೆ ಹೇಳುವುದು? ಅವನು ದೂರದ ಬಂದರಿನ ಗಾಡಿ ಓಡಿಸುವ ಡ್ರೈವರು. ಮೂರು ದಿನಕ್ಕೊಮ್ಮೆ ಮನೆಗೆ ಬರುವವನು. ಬಂದವನು ಗೋಡೆ ಕಡೆ ತಿರುಗಿ ಮಲಗಿದಾಗ ಅವಳಿಗೆ ಆದದ್ದು ದುಃಖವಲ್ಲ, ಬಿಡುಗಡೆ. ಆ ಬಿಡುಗಡೆಗಾಗಿಯೇ ಬೆಳಗಿನವರೆಗೆ ತನ್ನನ್ನು ಬೈದುಕೊಂಡಳು.

ಹಾಗಾಗಿ ಒಬ್ಬಳೇ ಡಾಕ್ಟರ ಹತ್ತಿರ ಹೋದಳು. ಡಾಕ್ಟರು ಅವಳ ವಯಸ್ಸಿನ ಹೆಂಗಸೇ, ಕೈಬೆರಳಿಗೆ ಸದಾ ಶಾಯಿ. ರಕ್ತ ತೆಗೆಸಿ ನೋಡಿ ಹೇಳಿದರು: ‘ಅಂಡಾಶಯ ಅಂದ್ರೆ ಹೆಣ್ಣಿನ ಹಾರ್ಮೋನು ಮಾತ್ರ ಮಾಡುತ್ತೆ ಅಂದ್ಕೊಂಡಿದ್ರಾ? ಗಂಡಸಿಂದು ಅಂತೀವಲ್ಲ, ಅದನ್ನೂ ಒಂಚೂರು ಮಾಡುತ್ತೆ. ಎರಡನ್ನೂ ತೆಗೆದ್ರೆ ಅದು ಅರ್ಧಕ್ಕೆ ಇಳಿಯುತ್ತೆ. ನಿಮಗೆ ಇಳಿದಿದೆ.’ ಅಷ್ಟು ಕೇಳಿದ್ದೇ ಅವಳ ಎದೆಯ ಮೇಲಿನ ಕಲ್ಲು ಇಳಿಯಿತು. ತಪ್ಪು ರಕ್ತದ್ದು. ತನ್ನದಲ್ಲ. ಡಾಕ್ಟರು ಮುಂದಕ್ಕೂ ಏನೋ ಹೇಳುತ್ತಿದ್ದರು. ‘ಅದೇ ಕಾರಣ ಅಂತ ಖಂಡಿತ ಹೇಳೋಕಾಗಲ್ಲ ಮತ್ತೆ. ಕಡಿಮೆ ಇದ್ದೂ ಆಸೆ ಇರೋರಿದ್ದಾರೆ, ಬೇಕಾದಷ್ಟಿದ್ದೂ ಇಲ್ಲದೋರಿದ್ದಾರೆ. ಕೊಟ್ಟು ನೋಡೋಣ. ಹೆಂಗಸರಿಗೆ ಅಂತ ಬೇರೆ ಪೊಟ್ಟಣ ಮಾಡೋ ಪುಣ್ಯಾತ್ಮರು ಇಲ್ಲಿ ಇಲ್ಲ, ಗಂಡಸರ ಜೆಲ್ಲೇ, ಮೈಗೆ ಹಚ್ಚೋದು. ಒಂದು ಪೊಟ್ಟಣ ಹತ್ತು ದಿನ ಬರಬೇಕು. ಬಟಾಣಿ ಕಾಳಿನಷ್ಟು, ದಿನಾ, ತೊಡೆಗೆ. ಗೊತ್ತಾಯ್ತಾ? ದಿನಾ.’ ಅವಳು ತಲೆಯಾಡಿಸಿದಳು. ಅವತ್ತು ರಾತ್ರಿ ಗಂಡನಿಗೆ, ‘ಔಷಧಿ ಕೊಟ್ಟಿದ್ದಾರೆ. ಸರಿಹೋಗುತ್ತೆ’ ಎಂದಳು, ನೀರಿನ ಪಂಪು ರಿಪೇರಿಗೆ ಕೊಟ್ಟವಳ ಹಾಗೆ. ಅವನು ತನ್ನ ಹೆಬ್ಬೆರಳಿನ ಉಗುರು ನೋಡುತ್ತಾ ‘ಹ್ಞೂಂ’ ಎಂದ. ಆಮೇಲೆ ಆ ಮಾತನ್ನು ಇಬ್ಬರೂ ಎತ್ತಲಿಲ್ಲ.

ದಿನಾ ಎಂದಿದ್ದರು. ಆದರೆ ಇಪ್ಪತ್ತಮೂರು ವರ್ಷ ಈ ಡಬ್ಬಿಯಲ್ಲಿ ಕೂತ ಹೆಂಗಸಿನ ತಲೆ ಬೇರೆ ಥರ ಓಡುತ್ತದೆ. ಗಾಡಿ ಇಲ್ಲದಾಗ ಘೋಷಣೆ ಮಾಡುವುದಿಲ್ಲ. ಮಾಡಿದರೆ ಜನ ಸುಮ್ಮನೆ ಚೀಲ ಎತ್ತಿಕೊಂಡು ಓಡುತ್ತಾರೆ. ಅವನು ಬಂದರಿನಲ್ಲಿ ಇರುವ ದಿನ ಇಲ್ಲಿ ಇವಳು ತೊಡೆಗೆ ಹಚ್ಚಿಕೊಂಡು ಯಾರನ್ನು ಕರೆಯಬೇಕು? ಎರಡು ದಿನದ ಪಾಲನ್ನು ಉಳಿಸಿ, ಅವನ ಗಾಡಿ ಬರುವ ದಿನ ಮೂರು ದಿನದ್ದನ್ನೂ ಒಟ್ಟಿಗೆ ಹಚ್ಚಿದಳು. ಅದು ಅವಳಿಗೆ ತಪ್ಪೆಂದು ಹೊಳೆಯಲೇ ಇಲ್ಲ, ಅಚ್ಚುಕಟ್ಟು ಎನಿಸಿತು. ಸಾಲದೆ ಹೋದಾಗ ಅರ್ಧ ಪೊಟ್ಟಣ ಹಚ್ಚಿದಳು. ಸ್ನಾನ ಮಾಡಿ, ಹಚ್ಚಿಕೊಂಡು, ಆರುವವರೆಗೆ ಕಾಲು ಅಗಲಿಸಿ ಬಚ್ಚಲ ಮನೆಯ ಮಣೆಯ ಮೇಲೆ ಕೂತು, ಹೊರಗೆ ಬಂದು ಹಾಸಿಗೆಗೆ ಹೊಸ ಹೊದಿಕೆ ಹಾಸಿ ಕಾದಳು. ಗಾಡಿ ದೀಪ ಹಚ್ಚುವ ಹೊತ್ತಿಗೆ ನಿಲ್ದಾಣಕ್ಕೆ ಬರುತ್ತದೆ, ಅಲ್ಲಿಂದ ಮನೆ ನಡಿಗೆಯ ದೂರ. ಅವನು ಬರುತ್ತಿದ್ದದ್ದು ಪಕ್ಕದ ಮನೆಯವರು ಊಟ ಮುಗಿಸಿ ಪಾತ್ರೆ ಉಜ್ಜಿ ದೀಪ ಆರಿಸಿದ ಮೇಲೆ. ಮಾರನೆಯ ಬೆಳಿಗ್ಗೆ ‘ಗಾಡಿ ಲೇಟು’ ಎನ್ನುತ್ತಿದ್ದ. ಯಾರಿಗೆ ಹೇಳುತ್ತಿದ್ದ ಆ ಮಾತನ್ನು? ಈ ನಿಲ್ದಾಣದೊಳಕ್ಕೆ ನಾಯಿ ಬಂದರೂ ಯಾವ ಗೇಟಿನಿಂದ ಬಂತೆಂದು ಗೊತ್ತಿರುವವಳಿಗೆ! ಸಂಜೆ ಪಾಳಿಯವಳಿಗೆ ಒಂದು ಫೋನು ಮಾಡಿದರೆ ಸಾಕಿತ್ತು. ಮಾಡಿಯೂ ಇದ್ದಳು. ಗಾಡಿ ಸರಿಯಾದ ಹೊತ್ತಿಗೆ ಬಂದಿತ್ತು. ಅವನು ಒದ್ದೆ ಪ್ಯಾಂಟು, ಸೋಪಿನ ವಾಸನೆ ಹೊತ್ತುಕೊಂಡು ಬಂದು, ಕಳ್ಳನಂತೆ ಬಾಗಿಲು ಸರಿಸಿ, ಅವಳು ನಿದ್ದೆ ಮಾಡುತ್ತಿದ್ದಾಳೆಂದುಕೊಂಡು ಮಂಚದ ಅಂಚಿನಲ್ಲಿ ಒರಗುತ್ತಿದ್ದ. ಕಣ್ಣು ಮುಚ್ಚಿಕೊಂಡು ಅವಳು ಮಲಗಿರುತ್ತಿದ್ದಳು. ಕೇಳಬೇಕಿತ್ತು. ಎಲ್ಲಿ ಹೋಗಿದ್ರಿ ಎಂದು ಕೇಳಿದರೆ, ನಿನಗೇನು ಎಂದು ಅವನು ತಿರುಗಿ ಕೇಳಿದರೆ? ನಿನಗೆ ಬೇಕಾಗಿತ್ತಾ ಎಂದರೆ?

ಅವಳು ಸ್ವಿಚ್ಚು ಒತ್ತಿ ಗಣಿ ಊರಿನ ಗಾಡಿ ಹೊರಡುವುದನ್ನು ಹೇಳಿದಳು. ನಿಧಾನವಾಗಿ, ದನಿಯನ್ನು ತುಂಬಿದ ಬಿಂದಿಗೆಯಂತೆ ಹಿಡಿದು ಹೇಳಿದಳು. ಚೆಲ್ಲಲಿಲ್ಲ. ಇದೇ ಕುರ್ಚಿಯ ಮೇಲೆ ಮಳೆಗಾಲಕ್ಕೆ ಮುಂಚಿನ ಒಂದು ಮಧ್ಯಾಹ್ನ, ಹೊರಟುಹೋಗಿದ್ದ ಅದು ಮರಳಿ ಬಂದಿತ್ತು. ಅವನು ಬಂದರಿನಲ್ಲಿದ್ದ. ಮುಂದೆ ಯಾರೂ ಇರಲಿಲ್ಲ. ಮೇಜಿನ ಫ್ಯಾನು ತಿರುಗಿ ಬಂದು ಕತ್ತಿನ ಬೆವರಿಗೆ ಗಾಳಿ ಹಾಕಿತು. ಅಷ್ಟೇ. ಅಷ್ಟಕ್ಕೇ ಸೊಂಟದಿಂದ ಏನೋ ಬಿಚ್ಚಿಕೊಂಡು, ಬೇಸಿಗೆಯಲ್ಲಿ ಒಣಗಿದ ಕೊಳಾಯಿ ಗೊಳಗೊಳ ಸದ್ದು ಮಾಡಿ ನೀರು ಬಿಟ್ಟ ಹಾಗೆ ಹರಿಯಿತು. ಅವಳು ಮೈಕಿನ ಕತ್ತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಯಾವ ಗಂಡಸಿನ ಮುಖವೂ ಕಣ್ಣ ಮುಂದೆ ಬರಲಿಲ್ಲ. ತನ್ನ ಗಂಡನ ಮುಖವೂ ಬರಲಿಲ್ಲ, ಅದಕ್ಕಾಗಿ ಹುಡುಕಿದಳು ಕೂಡ, ಬರಲಿಲ್ಲ. ಕೆಳಗೆ ನೂರಾರು ಜನ ಗಾಡಿ ಕಾಯುತ್ತಿದ್ದರು. ಅವಳು ತೊಡೆಗಳನ್ನು ಬಿಗಿಹಿಡಿದು ಕೂತಿದ್ದಳು. ನಾಚಿಕೆಯಾಯಿತು. ನಾಚಿಕೆಗಿಂತ ಮೊದಲು ಖುಷಿಯಾಗಿತ್ತು, ಅದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ. ಸತ್ತಿಲ್ಲ, ನಾನು ಸತ್ತಿಲ್ಲ ಎಂದು ಒಳಗೆ ಯಾರೋ ಕುಣಿದರು. ಅವತ್ತಿನಿಂದ ಲೆಕ್ಕ ತಪ್ಪಿತು. ಗಾಡಿ ಇಲ್ಲದ ದಿನವೂ ಹಚ್ಚಿದಳು. ಅವನಿಗಾಗಿ ಅಲ್ಲ. ಇನ್ನೊಂದು ಸಲ ಬರಲಿ ಎಂದು. ಎರಡು ದಿನಕ್ಕೊಂದು ಪೊಟ್ಟಣ ಮುಗಿಯುತ್ತಿತ್ತು. ಮೊದಲನೆಯದು ತಿಳಿಯದೆ ಮಾಡಿದ ತಪ್ಪು, ಒಪ್ಪಿಕೊಳ್ಳೋಣ. ಎರಡನೆಯದು ತಪ್ಪಲ್ಲ, ಆಸೆಬುರುಕತನ. ಅವಳಿಗೆ ಅದು ಗೊತ್ತಿತ್ತು. ರಕ್ತ ತೋರಿಸಬೇಕಾದ ದಿನ ಬಂದಾಗ ನೆಗಡಿ ಎಂದು ಹೋಗಲಿಲ್ಲ. ಗದ್ದದ ಕೆಳಗೆ ಒಂದೆರಡು ಗಡುಸು ಕೂದಲು ಬಂದಾಗ ಕಿತ್ತು ಹಾಕಿದಳು. ಗಂಟಲು ಕಟ್ಟಿದ ಹಾಗಾದಾಗ ಉಪ್ಪುನೀರು ಮುಕ್ಕಳಿಸಿದಳು. ಎಲ್ಲದಕ್ಕೂ ಒಂದೊಂದು ಸುಳ್ಳು ತಯಾರಿತ್ತು. ಹೋದ ವಾರ ಮಗಳು ಹಾಸ್ಟೆಲಿನಿಂದ ಫೋನು ಮಾಡಿದಳು. ಇವಳು ಎತ್ತಿ ‘ಹಲೋ’ ಎಂದಳು.

‘ಅಪ್ಪಾ, ಅಮ್ಮನ ಹತ್ರ ಕೊಡು’ ಎಂದಳು ಮಗಳು.

ಇವಳು ಫೋನನ್ನು ಎದೆಗೆ ಒತ್ತಿಕೊಂಡು ಒಂದು ನಿಮಿಷ ನಿಂತಳು, ಗಂಟಲನ್ನು ಮೇಲಕ್ಕೆ ಎಳೆದು ‘ಹಲೋ ಕಂದಾ’ ಎಂದಳು. ಗಂಡ ಅವತ್ತು ಊರಿನಲ್ಲೇ ಇರಲಿಲ್ಲ. ಮಾರನೆಯ ದಿನ ತಾನಾಗಿಯೇ ಹೋಗಿ ರಕ್ತ ಕೊಟ್ಟು ಬಂದಳು.

ಹನ್ನೊಂದು ಗಂಟೆಗೆ ಸೀಟಿ ಸಾಹೇಬರ ಕೋಣೆಯಲ್ಲಿ ಕಿಟಕಿಗೆಲ್ಲ ಕಂಬಳಿ ಹೊಡೆದಿದ್ದರು. ರೆಕಾರ್ಡಿಂಗಿನವನು ಮೀಸೆ ಈಗಷ್ಟೇ ಚಿಗುರಿದಂಥವನು, ಕಿವಿಗೆ ದಪ್ಪ ಹೆಡ್‌ಫೋನು. ವಿಚಾರಣೆ ಕಿಟಕಿಯ ಹುಡುಗಿ ಹಾಳೆ ತಿರುಗಿಸಿಕೊಡಲು ಬಂದು ನಿಂತಿದ್ದಳು. ಇವಳು ಓದಿದಳು. ಬಂದರಿಗೆ ಹೋಗುವ, ಗಣಿಗೆ ಹೋಗುವ, ಗಡಿಗೆ ಹೋಗುವ ಗಾಡಿ. ಒಂದನೇ, ಎರಡನೇ, ಮೂರನೇ. ರೆಕಾರ್ಡಿಂಗಿನವನು ಕೈ ಎತ್ತಿದ.

‘ಅಮ್ಮಾ, ನೀರು ಕುಡೀರಿ.’

ಕುಡಿದಳು. ಮತ್ತೆ ಓದಿದಳು. ಅವನು ಮತ್ತೆ ಕೈ ಎತ್ತಿದ. ‘ಕೇಳ್ತೀರಾ? ತಪ್ಪು ತಿಳ್ಕೋಬೇಡಿ’ ಎಂದು ಹೆಡ್‌ಫೋನು ಕಿತ್ತು ಸ್ಪೀಕರಿಗೆ ಹಾಕಿದ. ಕೋಣೆಯಲ್ಲಿ ಒಂದು ದನಿ ತುಂಬಿಕೊಂಡಿತು. ಮೊದಲ ಎರಡು ಪದ ಅವಳದೇ. ಮೂರನೆಯದರಲ್ಲಿ ಅವಳ ಬಾಯಿಂದ ಅವಳ ಅಣ್ಣ ಮಾತಾಡಿದ, ತೀರಿಹೋಗಿ ಎಷ್ಟೋ ವರ್ಷವಾದ ಅಣ್ಣ. ಅವನು ಹದಿನಾರರಲ್ಲಿ ಗಂಟಲು ಒಡೆದು ಮನೆಯಲ್ಲೆಲ್ಲ ಕೋಣದ ಹಾಗೆ ಕೂಗುತ್ತಿದ್ದಾಗ ಇವಳು ಅಣಕಿಸಿ ಅಮ್ಮನಿಂದ ಹೊಡೆತ ತಿಂದಿದ್ದಳು. ಹುಡುಗಿ ಹಾಳೆಯಿಂದ ಬಾಯಿ ಮುಚ್ಚಿಕೊಂಡಳು. ನಗುವೋ, ಅಯ್ಯೋ ಪಾಪವೋ. ಎರಡಕ್ಕೂ ಕೆನ್ನೆಗೆ ಬಾರಿಸಬೇಕು ಎನಿಸಿತು.

‘ಶೀತ’ ಎಂದರು ಸೀಟಿ ಸಾಹೇಬರು, ಯಾರ ಮುಖವನ್ನೂ ನೋಡದೆ. ‘ಶೀತ ಆಗಿದೆ ಅವರಿಗೆ. ಇನ್ನೊಂದು ದಿನ ಮಾಡೋಣ.’

‘ಇವತ್ತೊಂದೇ ದಿನ ಸಾರ್ ನನಗೆ ಕೊಟ್ಟಿರೋದು. ನಾಳೆ ಬೇರೆ ಊರು.’

ಸೀಟಿ ಸಾಹೇಬರು ಸೀಟಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಅವರು ಏನು ಹೇಳಲಿದ್ದಾರೆಂದು ಅವರಿಗಿಂತ ಮೊದಲು ಅವಳಿಗೆ ಗೊತ್ತಾಯಿತು. ಅದನ್ನು ಅವರ ಬಾಯಿಂದ ಕೇಳಬಾರದೆಂದು ತಾನೇ ಎದ್ದು, ಹುಡುಗಿಯ ಕೈಯ ಹಾಳೆಗಳನ್ನು ತೆಗೆದುಕೊಂಡು, ನೆಟ್ಟಗೆ ಜೋಡಿಸಿ, ಅವಳ ಕೈಗೇ ಕೊಟ್ಟಳು. ‘ಊರಿನ ಹೆಸರು ಹೇಳುವಾಗ ಎಳೀಬೇಡ. ನಂಬರು ಹೇಳೋ ಮುಂಚೆ ಒಂಚೂರು ನಿಲ್ಲು. ಜನ ನಂಬರಿಗೇ ಕಾಯೋದು’ ಎಂದಳು. ಆ ಗೊಗ್ಗರು ದನಿಯಲ್ಲೇ, ಮುಚ್ಚಿಡದೆ. ಹುಡುಗಿಯ ಕಣ್ಣು ತುಂಬಿ ಬಂತು. ‘ಅಕ್ಕಾ, ನಾನು ಕೇಳಿದ್ದಲ್ಲ ಇದು’ ಎಂದಳು. ‘ಗೊತ್ತು, ಓದು’ ಎಂದು ಇವಳು ಹೊರಗೆ ಬಂದಳು. ಡಬ್ಬಿಯ ಮೂರು ಮೆಟ್ಟಿಲಲ್ಲಿ ಎರಡನೆಯದರ ಮೇಲೆ ಕೂತುಬಿಟ್ಟಳು. ನಾವೆಲ್ಲ ಸತ್ತು ಮಣ್ಣಾದ ಮೇಲೆ ಇಲ್ಲಿ ಕೂಗುವುದು ಆ ಹುಡುಗಿ.

ಸಂಜೆ ಆರು ಗಂಟೆಗೆ ಡಾಕ್ಟರು ಅವಳ ‘ನಮಸ್ಕಾರ’ ಕೇಳಿಯೇ ಪೆನ್ನು ಕೆಳಗಿಟ್ಟರು. ರಕ್ತದ ಅಂಕಿ ಹೇಳುವುದಕ್ಕೆ ಮೊದಲೇ ಗಂಟಲಿಗೆ ದೀಪ ಬಿಟ್ಟು ನೋಡಿದರು, ಗದ್ದ ತಿರುಗಿಸಿ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಜಗಳವಾಡಬಹುದಿತ್ತು.

‘ಹೆಂಗಸರಿಗೆ ಎಲ್ಲಿಗೆ ನಿಲ್ಲಬೇಕೋ ಅದರ ಎಷ್ಟೋ ಪಟ್ಟು ಮೇಲೆ ಹೋಗಿದೆ. ಹೇಗೆ ಹಚ್ಚಿದ್ರಿ ಹೇಳಿ. ನಿಜ ಹೇಳಿ.’

ಅವಳು ಹೇಳಿದಳು. ಗಾಡಿ ಬರುವ ದಿನ ಒಟ್ಟಿಗೆ ಹಚ್ಚಿದ್ದು ಹೇಳಿದಳು. ಡಾಕ್ಟರು ಹಣೆ ಒತ್ತಿಕೊಂಡು, ‘ಬಸ್ಸಿನ ಟೈಮಿಗೆ ಹಚ್ಚಿದ್ರಾ? ನಿಮ್ಮ ತಲೆಗಿಷ್ಟು!’ ಎಂದು ನಕ್ಕುಬಿಟ್ಟರು. ನಕ್ಕಿದ್ದಕ್ಕೆ ತಾವೇ ಬೇಜಾರಾದರು. ‘ಇವತ್ತಿಂದ ಬೇಡ. ಪೂರ್ತಿ ನಿಲ್ಲಿಸಿ. ರಕ್ತದಲ್ಲಿ ಇಳಿಯುತ್ತೆ, ಅದಕ್ಕೆ ಚಿಂತೆಯಿಲ್ಲ. ಕೂದಲೂ ಕಡಿಮೆಯಾಗಬಹುದು. ಧ್ವನಿ…’

‘ಬರುತ್ತಾ?’

‘ಒಂಚೂರು ಬರಬಹುದು. ಪೂರ್ತಿ ಬರದೇ ಇರಬಹುದು. ಗಂಟಲಿನೊಳಗೆ ದಪ್ಪಗಾದದ್ದು ಸುಲಭಕ್ಕೆ ತೆಳ್ಳಗಾಗಲ್ಲ. ಸುಳ್ಳು ಹೇಳಲ್ಲ ನಿಮಗೆ.’ ಪೆನ್ನಿನ ಮುಚ್ಚಳ ಹಾಕಿ ಕೇಳಿದರು, ‘ಅದಿರಲಿ. ಆಸೆ ಬಂತಾ?’

ಅವಳು ಮೇಜಿನ ಮೇಲಿನ ಶಾಯಿ ಕಲೆ ನೋಡಿದಳು. ಹೌದು ಎಂದರೆ, ಅದಕ್ಕೆ ಕೊಟ್ಟ ಬೆಲೆ ಸರಿಹೋಯಿತು ಎಂದು ಒಪ್ಪಿಕೊಂಡ ಹಾಗೆ. ಇಲ್ಲ ಎಂದರೆ ಸುಳ್ಳು. ‘ಬಂತು’ ಎಂದಳು.

‘ಯಜಮಾನರಿಗೆ ಸಮಾಧಾನ ಆಯ್ತಾ?’

‘ಅವರಿಗೆ ಗೊತ್ತಿಲ್ಲ ಡಾಕ್ಟ್ರೇ. ಅವರು ಇಲ್ಲದಾಗ ಬರ್ತಿತ್ತು.’ ಹೇಳಿಬಿಟ್ಟು ಸೆರಗು ಸರಿಮಾಡಿಕೊಂಡಳು. ‘ಅಂದ್ರೆ ಬೇರೆ ಯಾರೂ ಅಲ್ಲ. ಯಾರ ಮೇಲೂ ಅಲ್ಲ. ಸುಮ್ನೆ ಬರ್ತಿತ್ತು. ಅವರು ಮನೆಗೆ ಬಂದು ಬೆನ್ನು ತಿರುಗಿಸಿದ್ರೆ ಹೋಗಿಬಿಡ್ತಿತ್ತು. ಅದು ಯಾವ ಹಾರ್ಮೋನು?’

ಡಾಕ್ಟರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ‘ಅದಕ್ಕೆ ರಕ್ತ ತೆಗೆಯೋಕಾಗಲ್ಲ. ಮೊದಲನೇ ದಿನವೇ ಹೇಳಿದ್ದೆ ನಿಮಗೆ. ಕೇಳಿಸಿಕೊಳ್ಳಲಿಲ್ಲ ನೀವು. ಅಂಕಿ ಮೇಲೆ ಹೋದ್ರೆ ಹಸಿವಾಗಬಹುದು ಅಷ್ಟೇ. ಯಾರ ಪಕ್ಕ ಕೂತು ಉಣ್ಣಬೇಕು, ಉಣ್ಣೋಕೆ ಅವರು ಕರೀತಾರಾ ಇಲ್ವಾ, ಅದೆಲ್ಲ ಅಂಕಿಯೊಳಗಿಲ್ಲ. ಅವರನ್ನ ಒಂದು ಸಲ ಕೇಳಿ.’

ಡಾಕ್ಟರ ಮನೆಯಿಂದ ಎಡಕ್ಕೆ ತಿರುಗಿದರೆ ಅವಳ ಮನೆ. ಅವಳು ಬಲಕ್ಕೆ, ನಿಲ್ದಾಣದ ಕಡೆಗೆ ತಿರುಗಿದಳು. ಕಾಲು ಹೋಯಿತು, ಅವಳು ಹಿಂದೆ ಹೋದಳು. ರಸ್ತೆಯಲ್ಲಿ ಸೈಕಲ್ ರಿಪೇರಿಯವನು ಟ್ಯೂಬನ್ನು ನೀರಿನ ಬಾಣಲೆಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದ. ಎಲ್ಲಿಂದ ಗಾಳಿ ಹೋಗುತ್ತಿದೆ ಎಂದು ಅಷ್ಟು ಸುಲಭವಾಗಿ ಕಾಣುವುದಾದರೆ! ಇಪ್ಪತ್ತೆರಡು ವರ್ಷದ ಹಿಂದೆ ಗಂಡ ಹೊಸ ಡ್ರೈವರು. ಇವಳು ಅವನ ಗಾಡಿ ಹೊರಡುತ್ತದೆ ಎಂದು ಹೇಳಿದರೂ ಅವನು ಹೊರಡುತ್ತಿರಲಿಲ್ಲ. ಎರಡನೇ ಸಲ ಹೇಳಿಸಿಕೊಂಡು ಹೊರಡುತ್ತಿದ್ದ. ಪ್ರಯಾಣಿಕರು ಬೈಯುತ್ತಿದ್ದರು. ‘ಆ ದನಿ ಕೇಳದೆ ನನಗೆ ಕ್ಲಚ್ಚು ಒತ್ತೋಕೆ ಬರಲ್ಲ’ ಎಂದು ಕಂಡಕ್ಟರನ ಹತ್ತಿರ ಹೇಳಿ ಕಳಿಸಿದ್ದ. ಆ ದನಿಯನ್ನು ಇವಳು ಈಗ ತೊಡೆಗೆ ಹಚ್ಚಿ ಕರಗಿಸಿದ್ದಳು. ಅವನು ಮೆಚ್ಚಿದ್ದು ಹೋಯಿತು, ಅವನಿಗಾಗಿ ತಂದದ್ದು ಅವನಿಗೆ ಮುಟ್ಟಲಿಲ್ಲ. ಇನ್ನು ನಿಲ್ಲಿಸಿದರೆ ಆ ಮಧ್ಯಾಹ್ನಗಳೂ ಹೋಗುತ್ತವೆ. ಎಲ್ಲ ಸೊನ್ನೆ. ಅಳು ಬರಬೇಕಿತ್ತು. ಅಳುವಿನ ಜಾಗದಲ್ಲಿ ಸಿಟ್ಟು ಬಂತು, ಕಿವಿಯವರೆಗೆ ಬಿಸಿಯಾಗಿ ಬಂತು. ಆ ಬಿಸಿ ಬರೀ ಸಿಟ್ಟೋ, ಮೈಯಲ್ಲಿ ಉಳಿದಿರುವ ಪೊಟ್ಟಣದ್ದೋ ಎಂದು ಅವಳಿಗೆ ತಿಳಿಯಲಿಲ್ಲ. ತಿಳಿದುಕೊಳ್ಳುವ ತಾಳ್ಮೆಯೂ ಇರಲಿಲ್ಲ.

ನಿಲ್ದಾಣದ ಹಿಂದೆ ಗಾಡಿ ತೊಳೆಯುವ ಅಂಗಳ. ನೆಲ ಯಾವಾಗಲೂ ಒದ್ದೆ, ಎಣ್ಣೆ ತೇಲುವ ನೀರಿನಲ್ಲಿ ದೀಪದ ಕಂಬಗಳು ತಲೆಕೆಳಗು. ಗೋಡೆ ಬದಿಗೆ ಪೈಪಕ್ಕ ಕೂತು ಟೀ ಕುಡಿಯುತ್ತಿದ್ದಳು. ಗಾಡಿ ತೊಳೆಯುವುದು ಅವಳ ಕೆಲಸ. ಪೈಪು ಹಿಡಿದು ಹಿಡಿದು ಅದೇ ಹೆಸರಾಗಿತ್ತು.

‘ಏನಮ್ಮಾ, ಇಲ್ಲಿ! ನಿಮ್ಮೋರ ಗಾಡಿ ಬಂದಾಗಿದೆ’ ಎಂದಳು ಪೈಪಕ್ಕ. ‘ಆಚೆ ತುದೀಲಿ ತೊಳೀತಾವ್ರೆ.’

‘ಅವರು ಯಾಕೆ ತೊಳೀತಾರೆ? ನೀನಿದ್ದೀಯಲ್ಲ?’

ಪೈಪಕ್ಕ ಅವಳ ದನಿಗೆ ಒಂದು ಸಲ ಹುಬ್ಬೆತ್ತಿದಳು. ‘ನನ್ನ ಹೊಟ್ಟೆ ಮೇಲೆ ಹೊಡೆಯೋಕೆ! ಬಂದಾಗಲೆಲ್ಲ ಹಿಂಗೇ. ಪೈಪು ಕಿತ್ಕೊಂಡು ತಾವೇ ಶುರು ಹಚ್ಕೋತಾರೆ. ತೊಳೆದ ಗಾಡೀನೇ ಇನ್ನೊಂದು ಸಲ ತೊಳೀತಾರೆ. ಮನೆಗೆ ಹೋಗ್ರೀ ಅಂದ್ರೆ, ಅವಳು ಮಲಕ್ಕೊಳ್ಳಲಿ, ಆಮೇಲೆ ಹೋಗ್ತೀನಿ ಅಂತಾರೆ. ನಾನು ಹೋದ್ರೆ ಅವಳಿಗೆ ಸಂಕಟ ಅಂತಾರೆ. ಏನು ಸಂಕಟವೋ ನನಗಂತೂ ಗೊತ್ತಿಲ್ಲ. ನನ್ನ ಗಂಡ ಹಿಂಗೆ ಒಂದು ದಿನ ಗಾಡಿ ತೊಳೆದಿದ್ರೆ ನಾನು ಕಾಲು ತೊಳೀತಿದ್ದೆ.’

ಅವಳು ಆಚೆ ತುದಿಗೆ ನಡೆದಳು. ಸೀರೆಯ ಅಂಚು ನೀರಿನಲ್ಲಿ ಎಳೆಯುತ್ತಿತ್ತು. ಗಾಡಿಯ ಮಗ್ಗುಲಿನಲ್ಲಿ ಅವನು ಬೆನ್ನು ಮಾಡಿ ಕೂತು ಚಕ್ರಕ್ಕೆ ಬ್ರಷ್ಷು ಹಾಕುತ್ತಿದ್ದ, ಪ್ಯಾಂಟು ಮೊಣಕಾಲಿನವರೆಗೆ ಮಡಚಿ, ಮಗುವಿಗೆ ಸ್ನಾನ ಮಾಡಿಸುವವನ ಶ್ರದ್ಧೆಯಿಂದ. ನೆತ್ತಿಯ ಕೂದಲು ತೆಳುವಾಗಿತ್ತು. ಇವಳು ಹೊಸ ಹೊದಿಕೆ ಹಾಸಿ ಮೈಯೆಲ್ಲ ಕಿವಿಯಾಗಿ ಮಲಗಿದ್ದ ಅಷ್ಟೂ ಸಂಜೆ ಇವನು ಇಲ್ಲಿ ರಬ್ಬರಿನ ಮೈ ಉಜ್ಜುತ್ತಿದ್ದ.

‘ರೀ’ ಎಂದಳು.

ದಪ್ಪ ಗಂಟಲು. ಅಂಗಳದ ಆಚೆ ಇಬ್ಬರು ಕ್ಲೀನರುಗಳು, ಯಾವನೋ ಯಾವನನ್ನೋ ‘ರೀ’ ಎನ್ನುತ್ತಿದ್ದಾನೆ ಎಂದು ತಿರುಗಿ ನೋಡಿ, ಹೆಂಗಸನ್ನು ಕಂಡು ನಕ್ಕರು. ಅವನು ತಿರುಗಲಿಲ್ಲ. ತಿರುಗದೆಯೇ ಹೇಳಿದ, ‘ಹೋಗು ನೀನು, ಊಟ ಮಾಡಿ ಮಲಕ್ಕೋ. ಇನ್ನೆರಡು ಚಕ್ರ ಇದೆ. ಬರ್ತೀನಿ.’

ಮಗಳಿಗೆ ಗೊತ್ತಾಗದ ದನಿ ಅವನಿಗೆ ಬೆನ್ನಿನಿಂದಲೇ ಗೊತ್ತಾಗಿತ್ತು. ಅವಳ ಸಿಟ್ಟು ಒಂದು ಹೆಜ್ಜೆ ಎಡವಿತು. ‘ನಾನು ಅಂತ ಹೇಗೆ ಗೊತ್ತಾಯ್ತು?’

‘ಗೊತ್ತಾಗದೆ ಏನು?’ ಬ್ರಷ್ಷು ನಿಂತಿತು. ‘ಮಳೆಗಾಲದಿಂದ ಕೇಳ್ತಾ ಇದ್ದೀನಿ. ಗಾಡಿ ತೆಗೆಯುವಾಗ ಸ್ಪೀಕರಿನಲ್ಲಿ ಕೇಳುತ್ತಲ್ಲ. ಸಲಸಲಕ್ಕೂ ಒಂಚೂರು ಇಳೀತಾ ಇತ್ತು.’

‘ಮತ್ತೆ ಕೇಳಲಿಲ್ಲ? ಒಂದು ಮಾತು ಕೇಳಲಿಲ್ಲ?’

ಅವನು ಈಗ ತಿರುಗಿದ. ಮುಖದ ಮೇಲೆ ಸೋಪಿನ ನೊರೆ ಹಾರಿತ್ತು. ಒರೆಸಿಕೊಳ್ಳಲಿಲ್ಲ. ‘ಔಷಧಿಯಿಂದ ಅಂತ ಗೊತ್ತಿತ್ತು. ಕೇಳಿದ್ರೆ ನೀನು ನಿಲ್ಲಿಸಿಬಿಡ್ತಿದ್ದೆ’ ಎಂದ. ನೀರಿನ ಕಡೆ ನೋಡುತ್ತಾ ಹೇಳಿದ. ‘ನಿಲ್ಲಿಸಬಾರದು ಅಂತ ಇತ್ತು ನನಗೆ. ಇನ್ನೊಂದು ಸ್ವಲ್ಪ ದಿನ ನೋಡೋಣ ಅಂತ. ಒಂದಲ್ಲ ಒಂದು ದಿನ ನೀನೇ ಕರೀತೀಯೇನೋ ಅಂತ. ನಾನಾಗಿ ಬಂದು ಮೈ ಮೇಲೆ ಬೀಳಬಾರದು ಅಂತ…’

ಪೈಪು ನೆಲದ ಮೇಲೆ ಹಾವಿನಂತೆ ಹೊರಳಿ ಅವನ ಬೂಟುಗಳ ಒಳಕ್ಕೆ ನೀರು ತುಂಬುತ್ತಿತ್ತು. ಅವನು ಕಾಲು ಎತ್ತಲಿಲ್ಲ. ಅವಳಿಗೆ ಅವನನ್ನು ಹೊಡೆಯಬೇಕೆನಿಸಿತು. ಅವಳ ದನಿ ಸಾಯುವುದನ್ನು ಸಲಸಲಕ್ಕೂ ಕೇಳಿಕೊಂಡು, ಕರೆಯುತ್ತಾಳೇನೋ ಎಂದು ಬಾಯಿ ಹೊಲಿದುಕೊಂಡು ಕಾದಿದ್ದ. ಕಾಯುವವನು ಮನೆಯಲ್ಲಾದರೂ ಕಾಯಬೇಡವೇ! ಇವಳೂ ಹಾಗೆಯೇ ಕಣ್ಣು ಮುಚ್ಚಿ ಮಲಗಿದ್ದಳಲ್ಲ. ಯಾರ ಪಾಲು ಎಷ್ಟು? ಸ್ಪೀಕರಿನಲ್ಲಿ ಇದ್ದಕ್ಕಿದ್ದಂತೆ ‘ಪ್ರಯಾಣಿಕರ ಗಮನಕ್ಕೆ’ ಎಂದಿತು. ವಿಚಾರಣೆ ಕಿಟಕಿಯ ಹುಡುಗಿ. ತೆಳ್ಳಗಿನ, ಹೊಸ ಪಾತ್ರೆಯಂಥ ದನಿ. ನಂಬರಿಗೆ ಮೊದಲು ಒಂಚೂರು ನಿಂತಳು. ಹೇಳಿಕೊಟ್ಟ ಹಾಗೆಯೇ ನಿಂತಳು. ಅವನು ತಲೆ ಎತ್ತಿ ಕೇಳಿದ, ಆಮೇಲೆ ಹೆಂಡತಿಯ ಮುಖ ನೋಡಿದ. ಕೈಯ ಬ್ರಷ್ಷು ಕೆಳಗಿಟ್ಟ.

‘ಹೋಯ್ತು ಅದು’ ಎಂದಳು ಅವಳು. ‘ಇನ್ನು ನಂದು ಇದೇ.’

‘ಅಯ್ಯೋ ಲೇ…’

‘ಅಯ್ಯೋ ಬೇಡ. ಕೇಳಿಸ್ಕೊಳ್ಳಿ. ಔಷಧಿ ಕೆಲಸ ಮಾಡ್ತು. ನೀವು ಇಲ್ಲದ ದಿನ ಮಾಡ್ತು, ಬಂದ ದಿನ ನೀವು ಇಲ್ಲಿ ಕೂತು ಚಕ್ರ ಉಜ್ಜುತಿದ್ರಿ. ನಾನು ಒಂದು ದಿನಾನೂ ಮಲಗಿರಲಿಲ್ಲ. ಕಣ್ಣು ಮುಚ್ಕೊಂಡಿದ್ದೆ ಅಷ್ಟೇ.’ ದನಿ ಏರಿತು, ಒಡೆಯಿತು, ಕೆಳಗೆ ಬಿತ್ತು. ಕ್ಲೀನರುಗಳು ಈಗ ನಗುತ್ತಿರಲಿಲ್ಲ. ಅವಳು ದನಿಯನ್ನು ಎತ್ತಿ ಹಿಡಿಯಲು ಹೋಗಲಿಲ್ಲ. ಬಿದ್ದ ಕಡೆಯಿಂದಲೇ ಮಾತಾಡಿದಳು. ‘ಇವತ್ತು ಹಚ್ಚಿಲ್ಲ. ಇನ್ನು ಹಚ್ಚೋದಿಲ್ಲ, ಡಾಕ್ಟರು ನಿಲ್ಲಿಸಿ ಅಂದಿದ್ದಾರೆ. ಮೈಯಲ್ಲಿ ಏನಿದೆಯೋ ಏನಿಲ್ಲವೋ ನನಗೆ ಗೊತ್ತಿಲ್ಲ. ಆದ್ರೂ ಹೇಳ್ತಿದ್ದೀನಿ. ಮನೆಗೆ ನಡೀರಿ.’

ಹೇಳಿ ಅವಳು ತಿರುಗಿ ನಡೆದಳು. ಉತ್ತರಕ್ಕೆ ನಿಲ್ಲುವ ಧೈರ್ಯ ಇರಲಿಲ್ಲ. ಪೈಪಕ್ಕನನ್ನು ದಾಟಿದಳು, ಗೇಟಿನ ಹತ್ತಿರ ಬಂದಳು. ಹಿಂದೆ ನೀರು ಇನ್ನೂ ಸುರಿಯುತ್ತಿತ್ತು. ಅದು ಒಂದೇ ಸದ್ದು. ಹೆಜ್ಜೆ ಸದ್ದಿಲ್ಲ. ಗೇಟಿನ ಕಬ್ಬಿಣ ಹಿಡಿದು, ತಿರುಗಿ ನೋಡದೆ, ಎದೆ ತುಂಬ ಗಾಳಿ ಎಳೆದುಕೊಂಡು, ಮೈಕಿಲ್ಲದೆ, ಸ್ವಿಚ್ಚಿಲ್ಲದೆ, ಅಂಗಳದ ಗೋಡೆಗಳಿಗೆ ಬಡಿಯುವ ಹಾಗೆ ಆ ಗಂಡುದನಿಯಲ್ಲಿ ಕೂಗಿದಳು:

‘ರೀ! ಎರಡನೇ ಸಲ ಹೇಳಿದ್ದೀನಿ!’

ನಲ್ಲಿ ಕಿರ್ರೆಂದು ನಿಂತಿತು. ಆಮೇಲೆ, ನೀರು ತುಂಬಿದ ಬೂಟುಗಳು ಪಚಕ್ ಪಚಕ್ಕೆನ್ನುತ್ತಾ, ಮೊದಲು ನಿಧಾನವಾಗಿ, ಆಮೇಲೆ ಗಾಡಿ ತಪ್ಪಿಹೋಗುತ್ತದೆ ಎಂಬವನಂತೆ, ಅವಳ ಕಡೆಗೆ ಬರತೊಡಗಿದವು.